ಕಂತು ನಾನು ಕಟ್ಟಿದೆ, ಆರ್‌ಸಿ ಅವರ ಹೆಸರಲ್ಲಿತ್ತು

2018ರ ನವೆಂಬರ್‌ನಲ್ಲಿ ಯಶವಂತಪುರದ ಟ್ರಕ್ ಟರ್ಮಿನಲ್ ಹತ್ತಿರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತು ಛಾಪಾ ಕಾಗದಕ್ಕೆ ಸಹಿ ಹಾಕಿದೆ. ಒಂದು ಲಕ್ಷ ಅಡ್ವಾನ್ಸ್ ಎಣಿಸಿ ಕೊಟ್ಟೆ. 17 ಅಡಿ ಐಚರ್ ಲಾರಿಯ ಕೀ ನನ್ನ ಕೈಗೆ ಬಂತು. 2015ರ ಮಾಡೆಲ್. ಆವತ್ತಿನ ಮಾರ್ಕೆಟ್‌ನಲ್ಲಿ ಎಂಟೂವರೆ ಲಕ್ಷಕ್ಕೆ ಸಿಗುತ್ತಿದ್ದ ಗಾಡಿ.

ಹದಿನಾಲ್ಕು ವರ್ಷ ಬೇರೆಯವರ ಲಾರಿ ಓಡಿಸಿದ್ದೆ. ಸಂಬಳ 14 ಸಾವಿರ, ಮೇಲೆ ಭತ್ಯೆ. ಒಳ್ಳೆ ತಿಂಗಳಾದರೆ ಎರಡೂ ಸೇರಿ 22 ಸಾವಿರ ಮನೆಗೆ ಬರುತ್ತಿತ್ತು. ಸ್ವಂತ ಗಾಡಿ ಮಾಡಬೇಕು ಅನ್ನೋದು ಡ್ರೈವರ್ ಆದವನಿಗೆ ಯಾವಾಗಲೂ ಇರುವ ಆಸೆ. ನಾನೂ ಎರಡು ಫೈನಾನ್ಸ್ ಆಫೀಸಿಗೆ ಹೋಗಿ ಬಂದಿದ್ದೆ. ಬಾಮೈದನ ಬೈಕ್ ಸಾಲಕ್ಕೆ ಜಾಮೀನು ಹಾಕಿ ನನ್ನ ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕ, ಕೆಟ್ಟಿತ್ತು. ಸ್ವಂತ ಮನೆ ಇಲ್ಲ, ಲಗ್ಗೆರೆಯಲ್ಲಿ ಬಾಡಿಗೆ. ಜಾಮೀನಿಗೆ ಆಸ್ತಿ ಇರುವವರನ್ನು ಕರೆದುಕೊಂಡು ಬಾ ಅಂದರು. ಯಾರನ್ನು ಕರೆದುಕೊಂಡು ಹೋಗಲಿ?

ಅಂಥ ಹೊತ್ತಿನಲ್ಲಿ ಈ ಟ್ರಾನ್ಸ್‌ಪೋರ್ಟ್ ಕಂಪನಿಯ ಲೀಸ್ ಸ್ಕೀಮ್ ಸಿಕ್ಕಿತು. ಜಾಮೀನು ಬೇಡ, ಸಿಬಿಲ್ ನೋಡಲ್ಲ, ಲೋಡ್ ನಾವೇ ಕೊಡ್ತೀವಿ. ತಿಂಗಳಿಗೆ 28 ಸಾವಿರದಂತೆ 48 ಕಂತು ಬಾಡಿಗೆಯಲ್ಲೇ ಹಿಡಿದುಕೊಳ್ತೀವಿ. ಕೊನೆಗೆ 50 ಸಾವಿರ ಕಟ್ಟಿದರೆ ಗಾಡಿ ನಿಂದು. ಮ್ಯಾನೇಜರ್ ಹೇಳಿದ್ದು ಇಷ್ಟೇ, ಅದನ್ನೂ ಬಾಯಿಮಾತಿನಲ್ಲಿ.

ಒಟ್ಟು ಎಷ್ಟಾಗುತ್ತೆ ಅಂತ ಆವತ್ತೇ ರಾತ್ರಿ ನಮ್ಮಾಕೆ ಲೆಕ್ಕ ಹಾಕಿದಳು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಪೀಸ್ ಲೆಕ್ಕ ಬರೆದು ಬರೆದು ಅವಳಿಗೆ ಕೈ ಪಳಗಿದೆ. 48 ಕಂತಿಗೆ 13,44,000. ಅಡ್ವಾನ್ಸ್ ಒಂದು ಲಕ್ಷ, ಕೊನೆಯ 50 ಸಾವಿರ. ಒಟ್ಟು 14,94,000. ಎಂಟೂವರೆ ಲಕ್ಷದ ಗಾಡಿಗೆ ಹದಿನೈದು ಲಕ್ಷ. "ರೀ, ಜಾಸ್ತಿ ಅಲ್ವಾ?" ಅಂದಳು. ಜಾಸ್ತೀನೇ. ಆದರೆ ನನಗೆ ಸಾಲ ಕೊಡುವವರು ಯಾರೂ ಇರಲಿಲ್ಲ. ಜಾಸ್ತಿ ದುಡ್ಡು ಕೊಡೋದು ನನ್ನ ಕೆಟ್ಟ ಸಿಬಿಲ್‌ಗೆ ಅಂತ ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ತಪ್ಪು ಅಂತ ನಾನು ಈಗಲೂ ಹೇಳಲ್ಲ. ತಪ್ಪಿದ್ದು ಬೇರೆ ಕಡೆ.

ಮೊದಲ ವರ್ಷ ಚೆನ್ನಾಗಿತ್ತು. ಪೀಣ್ಯದಿಂದ ಮೋಟಾರ್ ಸಾಮಾನು, ಪೈಪು, ಪೇಂಟ್ ತುಂಬಿಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದೆ. 410 ಕಿಲೋಮೀಟರ್. ಕೆಲವು ಸಲ ಚೆನ್ನೈ. ತಿಂಗಳಿಗೆ ಸುಮಾರು 14 ಟ್ರಿಪ್, ಹೋಗಿದ್ದು ಒಂದು ಬಂದಿದ್ದು ಒಂದು ಅಂತ ಲೆಕ್ಕ. 2019ರ ಜನವರಿಯ ಪುಟ ಈಗಲೂ ನಮ್ಮ ನೋಟ್‌ಬುಕ್ಕಿನಲ್ಲಿದೆ. ಬಾಡಿಗೆ ಒಟ್ಟು 1,54,000. ಆಫೀಸಿನ ಕಮಿಷನ್ ನೂರಕ್ಕೆ ಹತ್ತು, ಅಂದರೆ 15,400. ಡೀಸೆಲ್ 57,000. ಟೋಲ್ 10,500. ಕಂತು 28,000. ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್ ಅಂತ 5,000. ರಿಪೇರಿ ಫಂಡ್ ಅಂತ 4,000. ದಾರಿ ಖರ್ಚು, ಊಟ, ಹಮಾಲಿ, ಪಾರ್ಕಿಂಗ್ 9,500. ಕೈಗೆ ಉಳಿದದ್ದು 24,600.

ಸಂಬಳದ ಡ್ರೈವರ್ ಆಗಿದ್ದಾಗ ಬರುತ್ತಿದ್ದುದಕ್ಕಿಂತ ಎರಡೂವರೆ ಸಾವಿರ ಜಾಸ್ತಿ. ಅದು ಒಂದು ದಿನವೂ ಗಾಡಿ ನಿಲ್ಲದ ತಿಂಗಳು. ಗಾಡಿ ನಿಂತರೆ ಡೀಸೆಲ್ ಉಳಿಯುತ್ತೆ, ಟೋಲ್ ಉಳಿಯುತ್ತೆ. ಕಂತು ಉಳಿಯಲ್ಲ. ಆದರೂ ನಮಗೆ ಬೇಜಾರಿರಲಿಲ್ಲ. ಗಾಡಿ ನಮ್ಮದಾಗ್ತಾ ಇದೆ ಅಲ್ವಾ ಅನ್ನೋ ಮಾತು ಎಲ್ಲಕ್ಕೂ ಉತ್ತರ ಆಗಿತ್ತು. ಕ್ಯಾಬಿನ್ ನೆತ್ತಿಯ ಮೇಲೆ ಮಗಳ ಹೆಸರು ಬರೆಸಿದೆ. ಹಳದಿ ಅಕ್ಷರ, ಕೆಂಪು ಅಂಚು. 800 ರೂಪಾಯಿ ಕೊಟ್ಟೆ. ಆ ವರ್ಷದ ಆಯುಧ ಪೂಜೆಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಟ್ಟಾಗ ನಮ್ಮಮ್ಮ ಊರಿಂದ ಬಂದು ನೋಡಿದರು.

ಮೊದಲ ಏಟು ಬಿದ್ದಿದ್ದು ಬ್ಯಾಡಗಿಯಲ್ಲಿ. 2020ರ ಫೆಬ್ರವರಿ, ಮೆಣಸಿನಕಾಯಿ ಸೀಸನ್. ಹುಬ್ಬಳ್ಳಿಯಲ್ಲಿ ಲೋಡ್ ಇಳಿಸಿ ಎರಡು ದಿನ ಕಾದಿದ್ದೆ. ಆಫೀಸಿನಿಂದ ರಿಟರ್ನ್ ಲೋಡ್ ಬರಲಿಲ್ಲ. ಬ್ಯಾಡಗಿಯಿಂದ ಗುರುತಿನ ಬ್ರೋಕರ್ ಫೋನ್ ಮಾಡಿದ. "ಅಣ್ಣಾ, ಐದು ಟನ್ ಮೆಣಸಿನಕಾಯಿ ಇದೆ, ಯಶವಂತಪುರ ಯಾರ್ಡಿಗೆ. ಈಗ ಬಂದ್ರೆ ಸಂಜೆಗೆ ತುಂಬಿಸಿ ಬಿಡ್ತೀನಿ, 9,500." ಗಾಡಿ ತಿರುಗಿಸಿದೆ. ಮಾರ್ಕೆಟ್ ಹತ್ತಿರ ಹೋಗುವಾಗಲೇ ಆ ಘಾಟು ಮೂಗಿಗೆ ಹೊಡೆಯುತ್ತೆ, ಕಣ್ಣಲ್ಲಿ ನೀರು ಬರುತ್ತೆ. ಹಮಾಲರು ಬಾಯಿಗೆ ಟವೆಲ್ ಕಟ್ಟಿಕೊಂಡು ಮೂಟೆ ಹೊರುತ್ತಿದ್ದರು. ನಾನು ಟಾರ್ಪಾಲ್ ಬಿಚ್ಚಿ, ಹಿಂದಿನ ಡಾಲಾ, ಅಂದರೆ ಬಾಗಿಲ ಹಲಗೆ, ಇಳಿಸಿ ನಿಂತೆ. ಆಫೀಸಿಗೆ ಒಂದು ಮಾತು ಹೇಳೋಣ ಅಂತ ಫೋನ್ ಮಾಡಿದೆ.

"ಹೊರಗಿನ ಲೋಡ್ ಎತ್ತಂಗಿಲ್ಲ ಕಣಪ್ಪಾ. ಅಗ್ರಿಮೆಂಟ್ ಓದಿಲ್ವಾ?"

"ಸಾರ್, ಎರಡು ದಿನದಿಂದ ಖಾಲಿ ನಿಂತಿದೀನಿ. ನೀವು ಲೋಡ್ ಕೊಡ್ತಿಲ್ಲ."

"ಎತ್ತಿದ್ರೆ ಅಗ್ರಿಮೆಂಟ್ ಕ್ಯಾನ್ಸಲ್. ಅಡ್ವಾನ್ಸೂ ಇಲ್ಲ. ನೋಡ್ಕೋ."

ಡಾಲಾ ಎತ್ತಿ ಕೊಂಡಿ ಹಾಕಿದೆ. ಬ್ರೋಕರ್‌ಗೆ ಕ್ಷಮಿಸಪ್ಪಾ ಅಂದೆ. ಮಾರನೇ ದಿನ ಆಫೀಸಿನವರು ಖಾಲಿ ಬಂದುಬಿಡು ಅಂದರು. 330 ಕಿಲೋಮೀಟರ್ ಖಾಲಿ ಗಾಡಿ ಓಡಿಸಿದೆ. ಖಾಲಿ ಐಚರ್ ಗುಂಡಿಗೆ ಬಿದ್ದಾಗ ಹಿಂದೆ ಸರಪಳಿ ದಡದಡ ಬಡಿಯುತ್ತೆ. ಗುಯಿಲಾಳು ಟೋಲ್, ಕ್ಯಾತ್ಸಂದ್ರ ಟೋಲ್, ಎಲ್ಲಾ ಕಡೆ ದುಡ್ಡು ನನ್ನದೇ. ಡೀಸೆಲ್ ನನ್ನದೇ. ಆ ತಿಂಗಳ ಕಂತಿನಲ್ಲಿ ಮಾತ್ರ ಒಂದು ರೂಪಾಯಿ ಕಮ್ಮಿ ಆಗಲಿಲ್ಲ.

ದಾರಿಯಲ್ಲಿ ಇಡೀ ಇದೇ ಯೋಚನೆ. ನನಗೆ ಕಂತು ಹಾಕುವವರು ಅವರೇ. ಆ ಕಂತು ಕಟ್ಟಲು ಬೇಕಾದ ಲೋಡ್ ಕೊಡುವವರೂ ಅವರೇ. ಕೊಡದೇ ಇದ್ದರೆ ಬೇರೆ ಕಡೆ ದುಡಿಯಲು ಬಿಡದವರೂ ಅವರೇ. ಫೈನಾನ್ಸ್‌ನಲ್ಲಿ ಸಾಲ ತೆಗೆದವನಿಗೆ ಕಂತು ಎಷ್ಟೇ ಭಾರವಾದರೂ ಒಂದು ದಾರಿ ಇರುತ್ತೆ. ಯಾವ ಬ್ರೋಕರ್ ಕರೆದರೂ ಹೋಗಬಹುದು, ಬಾಡಿಗೆ ಜಗ್ಗಿ ಕೇಳಬಹುದು. ನನಗೆ ಆ ದಾರಿ ಇರಲಿಲ್ಲ. ಸ್ಕೀಮ್ ಲಾಭನಾ ಅಂತ ಕೇಳುವವರು ಕಂತು ಎಷ್ಟು ಅಂತ ಮೊದಲು ಕೇಳುತ್ತಾರೆ. ಲೋಡ್ ಯಾರ ಕೈಲಿ ಅಂತ ಮೊದಲು ಕೇಳಬೇಕು.

ಅದಾಗಿ ಒಂದೂವರೆ ತಿಂಗಳಿಗೆ, ಮಾರ್ಚ್ 24ರ ರಾತ್ರಿಯಿಂದ ಲಾಕ್‌ಡೌನ್. ಗೂಡ್ಸ್ ಗಾಡಿಗಳನ್ನು ಓಡಾಡಲು ಬಿಟ್ಟರು. ಆದರೆ ಪೀಣ್ಯದ ಫ್ಯಾಕ್ಟರಿಗಳೇ ಮುಚ್ಚಿದ್ದವು, ಲೋಡ್ ಎಲ್ಲಿಂದ ಬರಬೇಕು? ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ ಬಿಡುವು ಕೊಡಲು ಅನುಮತಿ ಕೊಟ್ಟಿತು. ಟಿವಿಯಲ್ಲಿ ನೋಡಿ ನಾನೂ ಆಫೀಸಿಗೆ ಹೋದೆ. ನಮಗೂ ಬಿಡಿ ಸಾರ್ ಅಂದೆ. "ಅದು ಬ್ಯಾಂಕ್ ಸಾಲಕ್ಕಪ್ಪಾ. ನಿಂದು ಲೀಸ್. ನೀನೆಲ್ಲಿ ಸಾಲ ತಗೊಂಡಿದೀಯಾ?" ಅಂದರು. ಮಾತು ಸರಿಯಾಗೇ ಇತ್ತು. ನನ್ನ ಹೆಸರಲ್ಲಿ ಸಾಲವೇ ಇರಲಿಲ್ಲ. ನಾಲ್ಕು ಕಂತು ಕಟ್ಟಲಾಗಲಿಲ್ಲ. ಅವನ್ನು ಕೊನೆಗೆ ಸೇರಿಸಿದರು. ಜೊತೆಗೆ ತಡವಾಗಿದ್ದಕ್ಕೆ ವಾರಕ್ಕೆ 500 ದಂಡ. ಗಾರ್ಮೆಂಟ್ಸ್ ಕೂಡ ಮುಚ್ಚಿದ್ದ ಆ ದಿನಗಳನ್ನು ಹೇಗೆ ದಾಟಿದೆವು ಅನ್ನೋದನ್ನು ಬರೆಯಲು ಈಗಲೂ ಮನಸ್ಸು ಬರಲ್ಲ.

2021ರ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ದಾಬಸ್‌ಪೇಟೆ ದಾಟುತ್ತಿದ್ದೆ. ಎರಡು ಬೈಕಿನಲ್ಲಿ ನಾಲ್ಕು ಹುಡುಗರು ಬಂದು ಗಾಡಿ ಅಡ್ಡ ಹಾಕಿದರು. ಸೀಜಿಂಗ್‌ನವರು, ಕಂತು ಬಾಕಿಯಿದ್ದ ಗಾಡಿ ಹಿಡಿದುಕೊಂಡು ಹೋಗುವವರು. ಒಬ್ಬ ಮೊಬೈಲ್‌ನಲ್ಲಿ ನಂಬರ್ ನೋಡಿ, ಈ ಗಾಡಿ ಮೇಲೆ ಮೂರು ಕಂತು ಬಾಕಿ, ಕೀ ಕೊಡು ಅಂದ. ಬಾಕಿಯಿದ್ದಿದ್ದನ್ನು ಆಫೀಸಿನವರು ಕೊನೆಗೆ ಹಾಕಿದ್ದಾರಪ್ಪಾ, ಆಮೇಲಿಂದ ಒಂದೂ ಬಿಟ್ಟಿಲ್ಲ ಅಂದೆ. ಅವನಿಗೆ ನಾನು ಹೇಳಿದ್ದು ಅರ್ಥ ಆಗಲಿಲ್ಲ, ನನಗೆ ಅವನು ಹೇಳಿದ್ದು ಅರ್ಥ ಆಗಲಿಲ್ಲ. ಆಮೇಲೆ ಅವನೇ ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಗಾಡಿ ನಂಬರ್, ಟ್ರಾನ್ಸ್‌ಪೋರ್ಟ್ ಕಂಪನಿಯ ಹೆಸರು, ಕೆಳಗೆ ಒಂದು ಫೈನಾನ್ಸ್‌ನ ಹೆಸರು.

ನಾನು ಕಂತು ಕಟ್ಟುತ್ತಿದ್ದ ಗಾಡಿಯ ಮೇಲೆ ಕಂಪನಿಯವರದೇ ಸಾಲ ಇತ್ತು. ನನ್ನಿಂದ 28 ಸಾವಿರ ಹಿಡಿದುಕೊಳ್ಳುತ್ತಿದ್ದವರು ಫೈನಾನ್ಸ್‌ಗೆ ಮೂರು ತಿಂಗಳಿಂದ ಕಟ್ಟಿರಲಿಲ್ಲ. ಮಧ್ಯಾಹ್ನ ಮೂರರವರೆಗೆ ಗಾಡಿ ರಸ್ತೆ ಬದಿಯಲ್ಲಿ ನಿಂತಿತ್ತು. ಆಫೀಸಿನವರು ಎಲ್ಲೋ ಮಾತಾಡಿ ದುಡ್ಡು ಕಟ್ಟಿ ಬಿಡಿಸಿದರು. ನನ್ನ ಹತ್ತಿರ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದು ಆರ್‌ಸಿ ಜೆರಾಕ್ಸ್ ತೆಗೆದು ನೋಡಿದೆ. ಫೈನಾನ್ಸ್‌ನವರ ಹೆಸರು ಅಲ್ಲೇ ಅಚ್ಚಾಗಿತ್ತು. ಎರಡು ವರ್ಷ ಚೆಕ್‌ಪೋಸ್ಟ್‌ಗಳಲ್ಲಿ ಆ ಕಾಗದ ತೋರಿಸಿದ್ದೇನೆ, ಆ ಸಾಲು ಓದಿರಲಿಲ್ಲ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೂ ಗೊತ್ತಾಗುತ್ತಿತ್ತು. ಸಹಿ ಹಾಕುವ ಮುಂಚೆ ಎರಡು ನಿಮಿಷದ ಕೆಲಸ.

ಆ ಭಾನುವಾರ ನಮ್ಮ ಬೀದಿಯಲ್ಲಿರುವ ಲಾಯರ್ ಮೇಡಂ ಹತ್ತಿರ ಅಗ್ರಿಮೆಂಟ್ ತೆಗೆದುಕೊಂಡು ಹೋದೆ. ಅದು ಇಂಗ್ಲಿಷಿನಲ್ಲಿತ್ತು. ಅವರು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. 48 ಕಂತು ಮುಗಿದ ಮೇಲೆ ಗಾಡಿಯನ್ನು ನನ್ನ ಹೆಸರಿಗೆ ಮಾಡಿಕೊಡುವ ವಿಷಯವನ್ನು "ಪರಿಗಣಿಸಲಾಗುವುದು" ಅಂತಿತ್ತು. "ಇದರಲ್ಲಿ ಕೊಡ್ತೀವಿ ಅಂತ ಎಲ್ಲೂ ಇಲ್ಲ ನೋಡಿ" ಅಂದರು. ಮೂರು ಸಲ ಓದಿಸಿದೆ.

ಅವರು ಹೇಳಿದ ಇನ್ನೊಂದು ವಿಷಯ ನನಗೆ ನಿದ್ದೆ ಕೆಡಿಸಿತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಲೀಸ್, ಹೈರ್ ಪರ್ಚೇಸ್ (ಕಂತು ತೀರಿದ ಮೇಲೆ ಸ್ವಂತವಾಗುವ ಬಾಡಿಗೆ ಕರಾರು) ಅಥವಾ ಸಾಲದ ಕರಾರಿನ ಮೇಲೆ ಗಾಡಿ ಯಾರ ವಶದಲ್ಲಿರುತ್ತೋ ಅವರೂ ಮಾಲೀಕ ಅನ್ನೋ ಮಾತಿನೊಳಗೆ ಬರುತ್ತಾರೆ. ಅಂದರೆ ಆಕ್ಸಿಡೆಂಟ್ ಆಗಿ ಕೇಸ್ ಬಿದ್ದರೆ ನಾನು ಮಾಲೀಕ. ಗಾಡಿ ಮಾರೋಕೆ, ಅದರ ಮೇಲೆ ಸಾಲ ಕೇಳೋಕೆ ಮಾಲೀಕ ಅಲ್ಲ. ಹೈರ್ ಪರ್ಚೇಸ್‌ಗೆ ಅಂತಲೇ 1972ರಲ್ಲಿ ಒಂದು ಕಾಯ್ದೆ ಮಾಡಿದ್ದರಂತೆ. ಅದು ಜಾರಿಗೆ ಬರಲೇ ಇಲ್ಲ, 2005ರಲ್ಲಿ ರದ್ದಾಯಿತು. ಹಾಗಾಗಿ ಕಾಗದದಲ್ಲಿ ಏನು ಬರೆದಿದೆಯೋ ಅದರ ಮೇಲೇ ಎಲ್ಲ ನಿಂತಿರುತ್ತೆ ಅಂದರು.

ನಾನು ತಿಂಗಳಿಗೆ 5,000 ಇನ್ಶೂರೆನ್ಸ್, ಟ್ಯಾಕ್ಸ್ ಅಂತ ಕೊಡುತ್ತಿದ್ದೆನಲ್ಲ, ಪಾಲಿಸಿ ಕಂಪನಿಯ ಹೆಸರಲ್ಲೇ ಇತ್ತು. ಕ್ಲೇಮ್ ಇಲ್ಲದ ವರ್ಷಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಗಾಡಿಗೆ ಸೇರಿದ್ದಲ್ಲ, ಪಾಲಿಸಿ ಯಾರ ಹೆಸರಲ್ಲಿದೆಯೋ ಅವರಿಗೆ ಸೇರಿದ್ದು. ಜೋಪಾನವಾಗಿ ಓಡಿಸಿದವನು ನಾನು, ಬೋನಸ್ ಅವರದು. ರಿಪೇರಿ ಫಂಡ್‌ನ 4,000ವೂ ಹಾಗೇ. ಟಯರ್ ಸವೆದು ಹೋದಾಗ ಕೇಳಿದರೆ, ಟಯರ್ ರಿಪೇರಿಯಲ್ಲಿ ಬರಲ್ಲ ಅಂದರು. ಮುಂದಿನ ಎರಡು ಹೊಸದು, ಹಿಂದಿನ ನಾಲ್ಕರಲ್ಲಿ ಎರಡು ರಿಸೋಲ್ (ಹಳೇ ಟಯರ್‌ಗೆ ಹೊಸ ರಬ್ಬರ್ ಹಾಕಿದ್ದು). ನನ್ನ ಜೇಬಿನಿಂದ 58 ಸಾವಿರ ಹೋಯಿತು.

ಇಷ್ಟೆಲ್ಲ ಗೊತ್ತಾದ ಮೇಲೂ ಎಂಟು ತಿಂಗಳು ಓಡಿಸಿದೆ. ಯಾಕೆ ಅಂದರೆ ಅಷ್ಟು ಕಟ್ಟಿಬಿಟ್ಟಿದ್ದೆ. ಬಿಡೋಕೆ ಮನಸ್ಸು ಬರಲಿಲ್ಲ. ಏಪ್ರಿಲ್ ಕೊನೆಯಿಂದ ಮತ್ತೆ ಲಾಕ್‌ಡೌನ್ ಆದಾಗ ಚೀಟಿ ಎತ್ತಿ ಕಂತು ಕಟ್ಟಿದೆ.

ಕೊನೆಗೆ ತೀರ್ಮಾನ ಮಾಡಿಸಿದ್ದು ಡೀಸೆಲ್. ಲಾಕ್‌ಡೌನ್ ಶುರುವಾದಾಗ ಬೆಂಗಳೂರಲ್ಲಿ ಲೀಟರಿಗೆ 65-66 ರೂಪಾಯಿ ಇತ್ತು. 2021ರ ಅಕ್ಟೋಬರ್‌ನಲ್ಲಿ, ಆಯುಧ ಪೂಜೆ ಕಳೆಯುತ್ತಿದ್ದ ಹಾಗೇ, 100 ಮುಟ್ಟಿತು. ಹುಬ್ಬಳ್ಳಿ ಬಾಡಿಗೆ ಆಫೀಸಿನವರು 11 ಸಾವಿರದಿಂದ 12 ಸಾವಿರ ಮಾಡಿದ್ದರು, ಅಷ್ಟೇ. ನಮ್ಮಾಕೆ ಹಳೇ ಪುಟ ತೆಗೆದಳು. ತಿಂಗಳಿಗೆ 860 ಲೀಟರ್ ಡೀಸೆಲ್. ಲೀಟರಿಗೆ 34 ರೂಪಾಯಿ ಜಾಸ್ತಿ ಅಂದರೆ 29 ಸಾವಿರ. "ನೀವು ಈಗ ಎರಡೆರಡು ಕಂತು ಕಟ್ತಿದೀರಿ" ಅಂದಳು. ಬಾಡಿಗೆ ಏರಿದ್ದರಿಂದ ಬಂದದ್ದು ಅದರ ಅರ್ಧಕ್ಕೂ ಸಾಲುತ್ತಿರಲಿಲ್ಲ.

ಆಮೇಲೆ ಅವಳು ಕೇಳಿದ ಪ್ರಶ್ನೆ ನನಗೆ ಮೂರು ವರ್ಷದಲ್ಲಿ ಹೊಳೆದಿರಲಿಲ್ಲ. "ಕಟ್ಟಿದ್ದನ್ನ ಮರೀರಿ. ಇನ್ನು ಎಷ್ಟು ಕಟ್ಟಬೇಕು?" 16 ಕಂತು, 4,48,000. ಮೇಲೆ 50 ಸಾವಿರ. "ಐದು ಲಕ್ಷ. ಅಷ್ಟು ಕಟ್ಟಿದ ಮೇಲೆ ಎಂಟು ವರ್ಷದ ಹಳೇ ಗಾಡಿ ಬರುತ್ತೋ ಬರಲ್ವೋ ಗೊತ್ತಿಲ್ಲ. ಅದೇ ಐದು ಲಕ್ಷಕ್ಕೆ ಹಳೇ ಗಾಡಿ ಇವತ್ತೇ ಬರಲ್ವಾ?"

ಅಷ್ಟು ಹೊತ್ತಿಗೆ 32 ಕಂತು ಕಟ್ಟಿದ್ದೆ. ಅಡ್ವಾನ್ಸ್ ಸೇರಿ 9,96,000. ಗಾಡಿಯ ಮೊದಲಿನ ಬೆಲೆಗಿಂತ ಜಾಸ್ತಿ.

ಅಕ್ಟೋಬರ್ ಕೊನೆಯ ವಾರ ಗಾಡಿ ವಾಪಸ್ ಕೊಟ್ಟೆ. ಅವತ್ತು ಬೆಳಗ್ಗೆ ಕ್ಯಾಬಿನ್ ತೊಳೆದೆ. ಮಂಜುನಾಥ ಸ್ವಾಮಿ ಫೋಟೋ, ಜಾಕಿ, ಸ್ಪ್ಯಾನರ್ ಡಬ್ಬ, ನನ್ನ ಹಗ್ಗ, ಟಾರ್ಪಾಲ್ ಇಳಿಸಿಕೊಂಡೆ. ಟಾರ್ಪಾಲ್ ಗಾಡಿಯ ಜೊತೆ ಬರುತ್ತೆ ಅಂತ ಆಫೀಸಿನವರು ತಕರಾರು ಮಾಡಿದರು. ಬಿಲ್ ತೋರಿಸಿದೆ. ಅಡ್ವಾನ್ಸ್‌ನಲ್ಲಿ 35 ಸಾವಿರ ಕೊಟ್ಟರು. ಉಳಿದದ್ದು ದಂಡ, ಬಾಡಿ ಡೆಂಟು, ಬಾಕಿ ಅಂತ ಮುರಿದುಕೊಂಡರು. ಕ್ಯಾಬಿನ್ ಮೇಲಿನ ಹೆಸರು ಅಳಿಸಲು ಪೇಂಟರ್ ಖರ್ಚು ಅಂತ 1,000 ಹಿಡಿದಿದ್ದರು. ಆ ಸಾಲನ್ನು ಮಗಳಿಗೆ ತೋರಿಸಲಿಲ್ಲ. ವಾರ ಕಳೆದು ದೀಪಾವಳಿ ಬಂತು. ಕೇಂದ್ರ, ರಾಜ್ಯ ಎರಡೂ ತೆರಿಗೆ ಇಳಿಸಿ ಡೀಸೆಲ್ 85ಕ್ಕೆ ಬಂತು. ಒಂದು ವಾರ ತಡೆದಿದ್ದರೆ ಅಂತ ಆವತ್ತು ಅನ್ನಿಸಿದ್ದು ನಿಜ. ಆದರೆ ಲೋಡ್ ಅವರ ಕೈಲೇ ಇರುತ್ತಿತ್ತು.

ಇದರಿಂದ ಯಾರಿಗೂ ಲಾಭ ಆಗಿಲ್ಲ ಅಂದರೆ ಸುಳ್ಳಾಗುತ್ತೆ. ನಮ್ಮ ಜೊತೆ ಆ ವರ್ಷ ಸಹಿ ಹಾಕಿದ್ದು ಏಳು ಜನ. ಇಬ್ಬರಿಗೆ ಗಾಡಿ ಸಿಕ್ಕಿತು. ಒಬ್ಬರು ಕುಣಿಗಲ್ ಕಡೆಯ ಅಣ್ಣ ತಮ್ಮ, ಒಬ್ಬ ಮಲಗಿದರೆ ಇನ್ನೊಬ್ಬ ಓಡಿಸುತ್ತಿದ್ದರು. ತಿಂಗಳಿಗೆ 9 ಸಾವಿರ ಕಿಲೋಮೀಟರ್ ದಾಟಿಸುತ್ತಿದ್ದರು. ಗಾಡಿ ಎಷ್ಟು ಓಡಿದರೂ ಕಂತು ಅಷ್ಟೇ ತಾನೇ, ಅವರಿಗೆ ಹೊಂದಿತು. ಇನ್ನೊಬ್ಬರಿಗೆ ಮೈಸೂರಿಗೆ ದಿನಾ ಫಿಕ್ಸ್ ರನ್ ಇತ್ತು, ಗಾಡಿ ನಿಲ್ಲುತ್ತಲೇ ಇರಲಿಲ್ಲ. ಅವರಿಗೂ ಹೆಸರು ಬದಲಾಯಿಸಲು ಐದು ತಿಂಗಳು ಹಿಡಿಯಿತು. ಕಂಪನಿಯವರು ಮೊದಲು ಫೈನಾನ್ಸ್ ಸಾಲ ತೀರಿಸಬೇಕು, ಫಾರ್ಮ್ 35 ಮತ್ತು ಎನ್‌ಓಸಿ ತರಬೇಕು, ಸಾಲದ ಎಂಟ್ರಿ ತೆಗೆಸಬೇಕು. ಆಮೇಲೆ ಹೆಸರು ಬದಲಾಯಿಸುವ ಫಾರ್ಮ್ 29, 30. ಅಷ್ಟರಲ್ಲಿ ಒಬ್ಬರ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮುಗಿದು ಮತ್ತೆ ಓಡಾಟ.

ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ. ಅಮೆರಿಕದಲ್ಲೂ ಇಂಥದ್ದೇ ಇದೆ ಅಂತ ಓದಿ ಹೇಳಿದಳು. ಅಲ್ಲಿ ಲೀಸ್-ಪರ್ಚೇಸ್ ಅಂತಾರೆ. ಎಷ್ಟೋ ಕಡೆ ಟ್ರಕ್ ಲೀಸಿಗೆ ಕೊಡುವ ಕಂಪನಿಯೇ ಲೋಡೂ ಕೊಡುತ್ತೆ, ವಾರದ ದುಡಿಮೆಯಲ್ಲಿ ಕಂತು ಹಿಡಿದುಕೊಳ್ಳುತ್ತೆ. ಇದನ್ನು ನೋಡಲು ಅಲ್ಲಿನ ಸರ್ಕಾರ 2021ರ ಒಂದು ಕಾಯ್ದೆಯಡಿ ಟ್ರಕ್ ಲೀಸಿಂಗ್ ಟಾಸ್ಕ್ ಫೋರ್ಸ್ ಮಾಡಿತ್ತು. 2025ರ ಜನವರಿಯಲ್ಲಿ ಅವರು ವರದಿ ಕೊಟ್ಟು, ಇಂಥ ಕರಾರುಗಳನ್ನೇ ನಿಷೇಧಿಸಿ ಅಂತ ಶಿಫಾರಸು ಮಾಡಿದರು. ಅಷ್ಟು ದೂರದ ದೇಶದಲ್ಲಿ, ಅಷ್ಟು ದೊಡ್ಡ ಟ್ರಕ್ ಓಡಿಸುವವರಿಗೂ ನನ್ನ ಬ್ಯಾಡಗಿ ಕಥೆಯೇ ಆಗಿದೆ ಅಂತ ಕೇಳಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

2022ರಲ್ಲಿ ನಮ್ಮಾಕೆಯ ಒಡವೆ ಸೊಸೈಟಿಯಲ್ಲಿ ಇಟ್ಟು, ಉಳಿದದ್ದು ಅಣ್ಣನ ಹತ್ತಿರ ಇಸ್ಕೊಂಡು ಹಳೇ ಟಾಟಾ 407 ಗಾಡಿ ತೆಗೆದುಕೊಂಡೆ. ಆರ್‌ಸಿ ನನ್ನ ಹೆಸರಲ್ಲಿದೆ. ಬೆಳಗಿನ ಜಾವ ಮಾರ್ಕೆಟ್ ತರಕಾರಿ, ಆಮೇಲೆ ಪೀಣ್ಯದ ಲೋಕಲ್ ಬಾಡಿಗೆ. ದುಡಿಮೆ ಭಾರೀ ಏನೂ ಇಲ್ಲ. ಒಡವೆ ಇನ್ನೂ ಅರ್ಧ ಬಿಡಿಸಬೇಕು.

ಮೊನ್ನೆ ಸಿರಾ ಕಡೆಯ ಹುಡುಗ ಒಬ್ಬ ಮನೆಗೆ ಬಂದಿದ್ದ. ಇಪ್ಪತ್ತಾರು ವರ್ಷ, ಹೊಸದಾಗಿ ಮದುವೆ. ಕೈಯಲ್ಲಿ ಇಂಥದ್ದೇ ಅಗ್ರಿಮೆಂಟ್, 22 ಅಡಿ ಗಾಡಿ, ತಿಂಗಳಿಗೆ 41 ಸಾವಿರ. ಸಹಿ ಇನ್ನೂ ಹಾಕಿರಲಿಲ್ಲ. ನಮ್ಮಾಕೆ ನೋಟ್‌ಬುಕ್ ತೆಗೆದು ಅವನ ಪಕ್ಕ ಕೂತಳು. ಗಾಡಿ ನಂಬರ್ ಹಾಕಿ ನೋಡಿದೆವು, ಮೇಲೆ ಫೈನಾನ್ಸ್ ಇತ್ತು. ಹೊರಗಿನ ಲೋಡ್ ಎತ್ತಬಹುದು ಅಂತ ಬರೆಸು, ಕಂತು ಮುಗಿದರೆ ಗಾಡಿ ಕೊಡ್ತೀವಿ ಅಂತ ಬರೆಸು, ಪ್ರತಿ ತಿಂಗಳು ಅವರ ಸಾಲದ ಸ್ಟೇಟ್‌ಮೆಂಟ್ ತೋರಿಸ್ತೀವಿ ಅಂತ ಬರೆಸು, ಈ ಮೂರನ್ನೂ ಕನ್ನಡದಲ್ಲಿ ಬರೆಸಿಕೊಂಡು ಬಾ ಅಂತ ಚೀಟಿ ಬರೆದು ಕಳಿಸಿದ್ದೇನೆ. ಬರೆದುಕೊಟ್ಟರೆ ಫೋನ್ ಮಾಡ್ತೀನಿ ಅಣ್ಣಾ ಅಂದ. ಇವತ್ತಿಗೆ ನಾಲ್ಕು ದಿನ. ಇನ್ನೂ ಮಾಡಿಲ್ಲ.